ಲಕೋಟೆಯ ಮೇಲೆ ಮಾರ್ಟಿನ್ ಲೂಥರ್ ಕಿಂಗ್

1979ರ ಜನವರಿ 13ರಂದು ಅಮೆರಿಕದ ಅಟ್ಲಾಂಟಾದಲ್ಲಿ 15 ಸೆಂಟಿನ ಅಂಚೆಚೀಟಿಯೊಂದು ಬಿಡುಗಡೆಯಾಯಿತು. ಮೇಲೆ ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರ ಮುಖ, ಕೆಳಗೆ ಮೆರವಣಿಗೆ ಹೊರಟ ಜನ. ಚಿತ್ರ ಬರೆದವರು ಜೆರ್ರಿ ಪಿಂಕ್ನಿ; ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೆಸರಾದ ಕಪ್ಪು ಜನಾಂಗದ ಕಲಾವಿದ. ಅಷ್ಟು ಚಿಕ್ಕ ಜಾಗದಲ್ಲಿ ನಾಯಕನ ಜೊತೆ ಜನರನ್ನೂ ಸೇರಿಸಿದ್ದು ಎಷ್ಟು ಸರಿಯಾದ ಕೆಲಸ! ಬಸ್ಸುಗಳಲ್ಲಿನ ವರ್ಣಭೇದವನ್ನು ವಿರೋಧಿಸಿ ಮಾಂಟ್ಗೊಮೆರಿ ನಗರದಲ್ಲಿ 381 ದಿನ ಬಸ್ ಹತ್ತದೆ, ಮೈಲಿಗಟ್ಟಲೆ ನಡೆದು ಕೆಲಸಕ್ಕೆ ಹೋಗಿಬಂದವರು ಅಂಥ ಸಾಮಾನ್ಯ ಜನರೇ.

ಈ ಚೀಟಿಯನ್ನು ಹೊರತಂದ ಅಂಚೆ ವ್ಯವಸ್ಥೆಯ ಹಿಂದಿನ ಕಥೆ ಗೊತ್ತಿದ್ದರೆ ಇದರ ತೂಕ ತಿಳಿಯುತ್ತದೆ. 1913ರಲ್ಲಿ ವುಡ್ರೋ ವಿಲ್ಸನ್ ಅಧ್ಯಕ್ಷರಾದಾಗ ಅಂಚೆ ಖಾತೆ ಆಲ್ಬರ್ಟ್ ಬರ್ಲೆಸನ್ ಕೈಗೆ ಬಂತು. ಬಿಳಿಯರನ್ನೂ ಕಪ್ಪು ನೌಕರರನ್ನೂ ಬೇರೆ ಬೇರೆ ಕೂರಿಸಬೇಕೆಂದು ಮಂತ್ರಿಮಂಡಲದಲ್ಲಿ ಪಟ್ಟು ಹಿಡಿದವರು ಅವರೇ. ಮರುವರ್ಷದಿಂದ ಸರ್ಕಾರಿ ನೌಕರಿಯ ಅರ್ಜಿಗೆ ಫೋಟೊ ಅಂಟಿಸುವುದು ಕಡ್ಡಾಯವಾಯಿತು. ಮುಖದ ಬಣ್ಣ ನೋಡಿ ಅರ್ಜಿಯನ್ನು ಪಕ್ಕಕ್ಕಿಡಲು ಇದರಿಂದ ಹಾದಿ ಸಲೀಸಾಯಿತು.

ಅಮೆರಿಕದ ಅಂಚೆಚೀಟಿಯ ಮೇಲೆ ಕಪ್ಪು ಜನಾಂಗದ ವ್ಯಕ್ತಿಯೊಬ್ಬರ ಮುಖ ಮೊದಲ ಬಾರಿಗೆ ಬಂದದ್ದು 1940ರಲ್ಲಿ: ಶಿಕ್ಷಣ ತಜ್ಞ ಬೂಕರ್ ಟಿ. ವಾಷಿಂಗ್ಟನ್. ಅದಕ್ಕಾಗಿ ಪಟ್ಟುಬಿಡದೆ ಒತ್ತಾಯಿಸಿದವರಲ್ಲಿ ರಿಚರ್ಡ್ ರೈಟ್ ಮುಖ್ಯರು. ಅವರು ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ಫಿಲಡೆಲ್ಫಿಯಾದಲ್ಲಿ ಬ್ಯಾಂಕ್ ನಡೆಸಿದವರು. ಚೀಟಿಯೇನೋ ಬಂತು, ಆದರೆ ಅದರ ಮುಖಬೆಲೆ 10 ಸೆಂಟು. ಆಗ ಸಾಮಾನ್ಯ ಕಾಗದಕ್ಕೆ 3 ಸೆಂಟು ಸಾಕಿತ್ತು. ತಾಯಿ ಮಗನಿಗೆ, ಗೆಳೆಯ ಗೆಳತಿಗೆ ಬರೆಯುವ ಕಾಗದದ ಮೇಲೆ ಆ ಮುಖ ಕಾಣುವುದು ಅಪರೂಪವೇ. ಯಾರ ಚಿತ್ರ ಅಚ್ಚಾಯಿತು ಎಂದು ಕೇಳುವಷ್ಟೇ ಮುಖ್ಯವಾಗಿ, ಅದು ಯಾವ ಕಾಗದದ ಮೇಲೆ ಕೂರುತ್ತದೆ ಎಂದೂ ಕೇಳಬೇಕು. ಕಿಂಗ್ ಅವರ ಚೀಟಿ ಆ ಲೆಕ್ಕದಲ್ಲಿ ದೊಡ್ಡ ಹೆಜ್ಜೆ. 1979ರಲ್ಲಿ ಮಾಮೂಲಿ ಕಾಗದದ ದರ ಸರಿಯಾಗಿ 15 ಸೆಂಟು. ಹೋರಾಟವನ್ನು ವಿರೋಧಿಸಿದವರ ಮನೆಬಾಗಿಲಿಗೂ ಆ ಮುಖ ಹೋಗುವಂತಾಯಿತು.

1968ರ ಏಪ್ರಿಲ್ 4ರಂದು ಕಿಂಗ್ ಕೊಲೆಯಾದರು. ಹಾಗಿದ್ದರೂ ಅವರ ದೇಶ ಇಷ್ಟು ತಡ ಮಾಡಿದ್ದೇಕೆ? ಒಂದು ಕಾರಣ ನಿಯಮ. ಅಧ್ಯಕ್ಷರಾಗಿದ್ದವರನ್ನು ಬಿಟ್ಟರೆ ಬೇರೆ ಯಾರ ಚೀಟಿ ತರಬೇಕಾದರೂ ಅವರು ತೀರಿಕೊಂಡು ಹತ್ತು ವರ್ಷ ಆಗಿರಬೇಕಿತ್ತು. ಭಾರತಕ್ಕೆ ಅಂಥ ತಡೆ ಇರಲಿಲ್ಲ. ಕೊಲೆ ನಡೆದು ವರ್ಷ ತುಂಬುವ ಮೊದಲೇ, 1969ರ ಜನವರಿ 25ರಂದು, ನಮ್ಮ ಅಂಚೆ ಇಲಾಖೆ ಕಿಂಗ್ ನೆನಪಿನಲ್ಲಿ 20 ಪೈಸೆಯ ಚೀಟಿ ತಂದಿತು. 1959ರಲ್ಲಿ ಗಾಂಧೀಜಿಯ ನಾಡನ್ನು ನೋಡಲೆಂದೇ ಬಂದು ಸುಮಾರು ಒಂದು ತಿಂಗಳು ಸುತ್ತಾಡಿ ಹೋದವರಲ್ಲವೇ ಅವರು. ಗಾಂಧೀಜಿಯ ಚಿತ್ರವಿದ್ದ ಅಂಚೆಚೀಟಿಯನ್ನು ಅಮೆರಿಕ 1961ರಲ್ಲೇ ತಂದಿತ್ತು.

ಅಮೆರಿಕದಲ್ಲಿ ಯಾರ ಚೀಟಿ ಬರಬೇಕೆಂದು ಜನರು ಸಲಹೆ ಕಳಿಸಬಹುದು. ನಾಗರಿಕರ ಸಮಿತಿಯೊಂದು ಅವನ್ನು ಪರಿಶೀಲಿಸಿ ಶಿಫಾರಸು ಮಾಡುತ್ತದೆ. 1978ರಲ್ಲಿ ಕಪ್ಪು ಜನಾಂಗದ ಪರಂಪರೆಗೆಂದೇ ಒಂದು ಸರಣಿ ಶುರುವಾಯಿತು. ಮೊದಲ ಚೀಟಿ, ಗುಲಾಮರನ್ನು ಗುಟ್ಟಾಗಿ ಬಿಡುಗಡೆಯ ನೆಲಕ್ಕೆ ಕರೆದೊಯ್ದ ಹ್ಯಾರಿಯೆಟ್ ಟಬ್ಮನ್ ಅವರದು. ಎರಡನೆಯದೇ ಕಿಂಗ್ ಅವರದು. ಕಿಂಗ್ ಹುಟ್ಟುಹಬ್ಬಕ್ಕೆ ರಾಷ್ಟ್ರೀಯ ರಜೆ ಕೊಡುವ ಕಾನೂನಿಗೆ ಸಹಿ ಬಿದ್ದದ್ದು 1983ರಲ್ಲಿ. ಸರ್ಕಾರದ ಒಂದು ಕೈ 1963ರಿಂದ ಕಿಂಗ್ ಅವರ ಫೋನ್ ಕದ್ದು ಕೇಳಿತ್ತು ಎಂಬುದನ್ನು ನೆನೆದರೆ, ಚೀಟಿ ಆ ಕಾನೂನಿಗಿಂತ ಮೊದಲೇ ಬಂದದ್ದು ಸಣ್ಣ ಮಾತಲ್ಲ.

ತೀರಿಕೊಂಡವರ ಚೀಟಿಗೆ ಕಾಯಬೇಕಿದ್ದ ಆ ಹತ್ತು ವರ್ಷದ ಅವಧಿ ಈಗ ಮೂರು ವರ್ಷಕ್ಕೆ ಇಳಿದಿದೆ. 1965ರಲ್ಲಿ ಸೆಲ್ಮಾ ನಗರದ ಸೇತುವೆಯ ಬಳಿ ಮೆರವಣಿಗೆಯಲ್ಲಿ ಪೊಲೀಸರ ಲಾಠಿಗೆ ತಲೆಬುರುಡೆ ಬಿರಿದರೂ ಹೋರಾಟ ಬಿಡದ ಜಾನ್ ಲೂಯಿಸ್ 2020ರ ಜುಲೈನಲ್ಲಿ ತೀರಿಕೊಂಡರು. 2023ರ ಜುಲೈನಲ್ಲಿ ಅವರ ಚೀಟಿ ಬಂತು. ಅದರ ಮೇಲೆ ಬೆಲೆಯನ್ನೇ ಅಚ್ಚು ಹಾಕಿಲ್ಲ. ದರ ಎಷ್ಟೇ ಏರಿದರೂ ಸಾಮಾನ್ಯ ಕಾಗದಕ್ಕೆ ಆ ಒಂದು ಚೀಟಿ ಸಾಕು.