ಸಾಲು ನೇರವಿದೆಯೇ? ಕ್ಷ-ಕಿರಣವನ್ನು ಕೇಳಿ

ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ಎರಡು ರೀತಿಯಲ್ಲಿ ಸಾಲಾಗಿ ನಿಲ್ಲಿಸಬಹುದು. ನೆಲದ ಮೇಲೆ ಸುಣ್ಣದ ಗುರುತು ಹಾಕಿ ಒಬ್ಬೊಬ್ಬರನ್ನು ಒಂದೊಂದು ಗುರುತಿನ ಮೇಲೆ ನಿಲ್ಲಿಸುವುದು ಒಂದು. ಮುಂದಿನವರ ಹೆಗಲಿಗೆ ಕೈಚಾಚಿ ಅಂತರ ಅಳೆದುಕೊಳ್ಳಿ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಒಬ್ಬ ಅತ್ತಿತ್ತ ಸರಿದರೆ ತಪ್ಪು ಅವನಲ್ಲೇ ನಿಲ್ಲುತ್ತದೆ. ಎರಡನೆಯದರಲ್ಲಿ ಅದು ಹಿಂದಿನವರಿಗೆಲ್ಲ ದಾಟುತ್ತದೆ. ಸಾಲು ಉದ್ದವಾದಷ್ಟೂ ತಪ್ಪು ಬೆಳೆಯುತ್ತದೆ.

ನ್ಯಾನೊಹರಳುಗಳ ಜೋಡಣೆಯಲ್ಲೂ ಈ ಎರಡು ಬಗೆಯ ಅಸ್ತವ್ಯಸ್ತತೆ ಇದೆ. ಒಂದೊಂದು ನ್ಯಾನೊಹರಳಿನಲ್ಲಿ ಸಾವಿರಾರು ಪರಮಾಣುಗಳು. ಅಗಲ ಮಾತ್ರ ಕೆಲವೇ ನ್ಯಾನೊಮೀಟರ್. ಇವು ತೇಲುತ್ತಿರುವ ದ್ರಾವಣ ನಿಧಾನವಾಗಿ ಆರಿದರೆ, ಹಣ್ಣಿನಂಗಡಿಯ ಕಿತ್ತಳೆ ರಾಶಿಯಂತೆ ತಾವಾಗಿಯೇ ಒಪ್ಪವಾಗಿ ಕೂರುತ್ತವೆ. ಹರಳುಗಳಿಂದಲೇ ಕಟ್ಟಿದ ಈ ಹರಳಿಗೆ ಸೂಪರ್‌ಲ್ಯಾಟಿಸ್ ಎಂದು ಹೆಸರು. 1995ರಲ್ಲಿ ಅಮೆರಿಕದ ಎಂಐಟಿಯ ಮರ್ರೆ, ಕಾಗನ್ ಮತ್ತು ಬವೆಂಡಿ ಕ್ಯಾಡ್ಮಿಯಂ ಸೆಲೆನೈಡ್ ಕಣಗಳಿಂದ ಇಂಥದ್ದನ್ನು ರೂಪಿಸಿ ತೋರಿಸಿದರು.

ಇದರ ಒಳಗನ್ನು ತಿಳಿಯುವ ದಾರಿ ವಿವರ್ತನೆ. ಸಮಾನ ಅಂತರದ ಪದರಗಳಿಂದ ಚಿಮ್ಮಿದ ಕ್ಷ-ಕಿರಣದ ಅಲೆಗಳು ಕೆಲವು ಕೋನಗಳಲ್ಲಿ ಮಾತ್ರ ಒಂದಕ್ಕೊಂದು ಬಲ ಕೊಟ್ಟು ಶಿಖರಗಳಾಗಿ ಕಾಣುತ್ತವೆ. ಅಂತರ ಹೆಚ್ಚಿದಷ್ಟೂ ಕೋನ ಕಿರಿದು. ಪರಮಾಣು ಪದರಗಳ ಶಿಖರ ಹತ್ತಾರು ಡಿಗ್ರಿಯಲ್ಲಿ ಮೂಡಿದರೆ, ಹತ್ತು ನ್ಯಾನೊಮೀಟರ್ ಅಂತರದ ಕಣಸಾಲಿನ ಮೊದಲ ಶಿಖರ ಒಂದು ಡಿಗ್ರಿಯ ಆಸುಪಾಸಿನಲ್ಲೇ ಮೂಡುತ್ತದೆ.

ಶಿಖರದ ಜಾಗ ಅಂತರವನ್ನು ಹೇಳಿದರೆ, ಅದರ ಆಕಾರ ಶಿಸ್ತನ್ನು ಹೇಳುತ್ತದೆ. ಕಣಗಳು ತಮ್ಮ ತಮ್ಮ ಗುರುತಿನ ಸುತ್ತಲಷ್ಟೇ ಅಲುಗಾಡಿದ್ದರೆ ಶಿಖರಗಳು ಕುಗ್ಗುತ್ತವೆ, ಆದರೆ ಚೂಪಾಗಿಯೇ ಉಳಿಯುತ್ತವೆ. ತಪ್ಪು ಕಣದಿಂದ ಕಣಕ್ಕೆ ದಾಟಿ ಬೆಳೆದಿದ್ದರೆ, ಕೋನ ಹೆಚ್ಚಿದಂತೆ ಶಿಖರಗಳು ಅಗಲವಾಗುತ್ತ ಕೊನೆಗೆ ಅಳಿಸಿಹೋಗುತ್ತವೆ.

ಹಾಗಾಗಿಯೇ ಇಟಲಿಯ ಜಿನೋವಾದ ಸಂಶೋಧಕರು 2021ರಲ್ಲಿ ವರದಿ ಮಾಡಿದ ಫಲಿತಾಂಶ ನನಗೆ ಬೆರಗು ತಂದಿತು. ಸೀಸಿಯಂ ಲೆಡ್ ಬ್ರೋಮೈಡ್‌ನ ಪುಟ್ಟ ಘನಗಳ ಜೋಡಣೆಯಲ್ಲಿ, ಪರಮಾಣುಗಳ ಶಿಖರವೇ ಹಲವು ಚೂಪು ಶಿಖರಗಳಾಗಿ ಸೀಳಿತ್ತು. ಅಕ್ಕಪಕ್ಕದ ಘನಗಳಿಂದ ಬಂದ ಅಲೆಗಳು ಅಷ್ಟು ದೊಡ್ಡ ಕೋನದಲ್ಲೂ ಹೆಜ್ಜೆ ತಪ್ಪದಿದ್ದರೆ ಮಾತ್ರ ಇದು ಸಾಧ್ಯ. ಅಂದರೆ ಘನಗಳ ನಡುವಿನ ಅಂತರ ಒಂದು ಪರಮಾಣುವಿನ ಅಗಲದಷ್ಟೂ ಏರುಪೇರಾಗಿರಲಿಲ್ಲ.

ಈ ಶಿಸ್ತಿಗೆ ಫಲವೂ ಇದೆ. ಇದೇ ವಸ್ತುವಿನ ಸೂಪರ್‌ಲ್ಯಾಟಿಸ್‌ಗಳನ್ನು ಅತಿಶೀತದಲ್ಲಿಟ್ಟಾಗ, ಅನೇಕ ಕಣಗಳು ಒಂದಾಗಿ ಒಂದೇ ಮಿಂಚಿನಲ್ಲಿ ಬೆಳಕು ಚೆಲ್ಲುವುದನ್ನು 2018ರಲ್ಲೇ ವಿಜ್ಞಾನಿಗಳು ಕಂಡಿದ್ದರು. ಚದುರಿದ ಒಂಟಿ ಕಣಗಳಿಂದ ಆ ಬೆಳಕು ಬರುವುದಿಲ್ಲ.