ಲಾರಿಯ ಬೆನ್ನೇರುವ ಮನೆ: ಕಟ್ಟುವ ಮುನ್ನ ಕಾಂಟಾಕ್ಕೆ ಹೋಗಿ

ಮುಂಬ್ರಾ: ಎಪ್ರಿಲ್-ಮೇ ತಿಂಗಳು ಬಂತೆಂದರೆ ಮುಂಬಯಿ ಮಹಾನಗರ ಮತ್ತು ಉಪನಗರಗಳ ತುಳು-ಕನ್ನಡಿಗರ ಮನೆಗಳಲ್ಲಿ ಊರಿನದೇ ಮಾತು. ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ, ಸಂಬಂಧಿಕರ ಮದುವೆ ಎಂದು ಒಂದಲ್ಲ ಒಂದು ಕಾರಣ ಇದ್ದೇ ಇರುತ್ತದೆ. ಆ ದಿನಗಳಲ್ಲಿ ಕೊಂಕಣ ರೈಲಿನ ಟಿಕೇಟು ಸಿಗುವುದು ಪುಣ್ಯವಂತರಿಗೆ ಮಾತ್ರ. ಬಸ್ಸಿನಲ್ಲಿ ಹೊರಟರೆ ಸಕ್ಕರೆ ಕಾಯಿಲೆಯ ಹಿರಿಯರಿಗೂ ಹೆಂಗಸರಿಗೂ ದಾರಿಯುದ್ದಕ್ಕೂ ಶೌಚಾಲಯದ್ದೇ ಚಿಂತೆ. ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟು, ಬಾಯಿ ಒಣಗಿಸಿಕೊಂಡು ಊರು ತಲಪುವ ಅಜ್ಜಿಯಂದಿರನ್ನು ನಾವೆಲ್ಲರೂ ಕಂಡವರೇ. ಮಲಗಲು ಮಂಚ, ಚಹಾ ಕಾಯಿಸಲು ಒಲೆ, ಒಂದು ಸಣ್ಣ ಶೌಚಾಲಯ ಇರುವ ಗಾಡಿ ನಮ್ಮದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ ಮೂಡುವುದು ಸಹಜವೇ.

ಈ ಆಸೆಗೆ ಎರಡು ದಾರಿಗಳಿವೆ. ಮೊದಲನೆಯದು ಕಾರವಾನ್, ಅಂದರೆ ಮನೆಯೂ ಗಾಡಿಯೂ ಒಂದೇ ಆಗಿರುವ ವಾಹನ. ಮಹಾರಾಷ್ಟ್ರ ಸರಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು; ಕೇರಳವೂ ಅದೇ ವರ್ಷ ತನ್ನ ಯೋಜನೆಯನ್ನು ಮುಂದಿಟ್ಟಿತು. 2022ರ ಅಕ್ಟೋಬರಿನಲ್ಲಿ ಮಹೀಂದ್ರ ಕಂಪೆನಿಯು ಬೊಲೆರೊ ಕ್ಯಾಂಪರ್ ಪಿಕಪ್ ಆಧರಿಸಿ, ನಾಲ್ವರು ಮಲಗಬಹುದಾದ ಕ್ಯಾಂಪರ್ ತಯಾರಿಸುವ ಒಪ್ಪಂದವನ್ನು ಘೋಷಿಸಿತ್ತು. ಆದರೆ ಕಾರವಾನಿಗೆ ಹಾಕಿದ ಹಣ ವರ್ಷದ ಹತ್ತು-ಹನ್ನೊಂದು ತಿಂಗಳು ಸುಮ್ಮನೆ ನಿಂತಿರುತ್ತದೆ. ವ್ಯಾಪಾರ ಬಲ್ಲ ನಮ್ಮ ಹೋಟೆಲ್, ಕೇಟರಿಂಗ್ ಬಂಧುಗಳಿಗೆ ಇದು ಸುಲಭದಲ್ಲಿ ಒಗ್ಗುವ ಲೆಕ್ಕವಲ್ಲ.

ಎರಡನೆಯ ದಾರಿಯ ವಿಶೇಷ ಇರುವುದು ಇಲ್ಲಿಯೇ. ಸಾಮಾನು ಸಾಗಿಸುವ ಪಿಕಪ್ ಅಥವಾ ಸಣ್ಣ ಲಾರಿಗೆ ಸಪಾಟಾದ ತಟ್ಟು ಕಟ್ಟಿಸುವುದು, ಅದರ ಮೇಲೆ ಕೂರುವ ಪುಟ್ಟ ಮನೆಯೊಂದನ್ನು ಬೇರೆಯಾಗಿಯೇ ಮಾಡಿಸುವುದು. ಊರಿಗೆ ಹೋಗುವಾಗ ಮನೆಯನ್ನು ಏರಿಸುವುದು, ಬಂದ ಮೇಲೆ ನಾಲ್ಕು ಮೂಲೆಯ ಜ್ಯಾಕುಗಳ ಮೇಲೆ ನಿಲ್ಲಿಸಿ ಲಾರಿಯನ್ನು ಅಡಿಯಿಂದ ಹೊರಗೆ ತೆಗೆಯುವುದು. ಮರುದಿನವೇ ಲಾರಿ ತನ್ನ ದಂಧೆಗೆ ಸಿದ್ಧ. ಅಮೆರಿಕದಲ್ಲಿ ಸ್ಲೈಡ್-ಇನ್ ಕ್ಯಾಂಪರ್ ಎಂದೂ ಆಸ್ಟ್ರೇಲಿಯದಲ್ಲಿ ಸ್ಲೈಡ್-ಆನ್ ಎಂದೂ ಕರೆಯುವ ಈ ಏರ್ಪಾಡಿಗೆ ಅಲ್ಲಿ ಬಹುಕಾಲದ ಬಳಕೆಯಿದೆ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ತನ್ನ ನಾಯಿಯೊಂದಿಗೆ 1960ರಲ್ಲಿ ಅಮೆರಿಕ ಸುತ್ತಿದ್ದು ಜಿಎಂಸಿ ಪಿಕಪ್ ಮೇಲೆ ಕೂರಿಸಿದ ಇಂಥದೇ ಮನೆಯಲ್ಲಿ. ಆ ಗಾಡಿ ಇಂದಿಗೂ ಕ್ಯಾಲಿಫೋರ್ನಿಯದ ಸಲೀನಸ್‌ನಲ್ಲಿರುವ ಅವರ ಸ್ಮಾರಕ ಕೇಂದ್ರದಲ್ಲಿದೆ.

ಅಷ್ಟು ದೂರ ಹೋಗುವುದೇಕೆ? ಮುಂಬ್ರಾ ಬೈಪಾಸಿನ ಬದಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಇದೇ ತತ್ವ ಕಣ್ಣೆದುರು ಓಡಾಡುತ್ತದೆ. ನ್ಹಾವಾ ಶೇವಾ ಬಂದರಿನಿಂದ ಭಿವಂಡಿ, ನಾಸಿಕ್, ಗುಜರಾತಿನ ಕಡೆಗೆ ಹೊರಟ ಕಂಟೇನರುಗಳು ಲಾರಿಯ ಅಂಗವಲ್ಲ. ಮೂಲೆಯ ಬೀಗಗಳನ್ನು ತಿರುಗಿಸಿದರೆ ಪೆಟ್ಟಿಗೆ ಬೇರೆ, ಗಾಡಿ ಬೇರೆ. 1956ರ ಎಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲಕ 58 ಪೆಟ್ಟಿಗೆಗಳನ್ನು ಹಡಗಿಗೇರಿಸಿ ನ್ಯೂವಾರ್ಕಿನಿಂದ ಹ್ಯೂಸ್ಟನಿಗೆ ಕಳುಹಿಸಿದಾಗ ಈ ಯುಗ ಆರಂಭವಾಯಿತು. ಪೆಟ್ಟಿಗೆಯನ್ನು ಗಾಲಿಯಿಂದ ಬಿಡಿಸಿದ್ದೇ ಆತನ ಜಾಣ್ಮೆ. ಊರಿನ ಯಕ್ಷಗಾನ ಮೇಳಗಳೂ ಇದನ್ನು ಬಲ್ಲವು. ತಿರುಗಾಟ ಆರಂಭವಾದಂದಿನಿಂದ ಪತ್ತನಾಜೆಯವರೆಗೆ ರಂಗಸ್ಥಳ, ಚೌಕಿಯ ಪೆಟ್ಟಿಗೆಗಳು ಲಾರಿಯಿಂದ ಇಳಿದು ಲಾರಿಗೇ ಏರುತ್ತವೆ. ಮಳೆಗಾಲದಲ್ಲಿ ಮೇಳಕ್ಕೆ ರಜೆ, ಲಾರಿಗೆ ಬೇರೆ ಕೆಲಸ.

ಮುಂಬ್ರಾ-ಕೌಸಾದಿಂದ ಶಿಳ್‌ಫಾಟಾದವರೆಗೆ, ಅಲ್ಲಿಂದ ತಳೋಜಾ-ಕಳಂಬೋಲಿಯವರೆಗೆ ವೆಲ್ಡಿಂಗ್ ಅಂಗಡಿ, ಗ್ಯಾರೇಜು, ಗುಜರಿ, ಸ್ಟೀಲ್ ಮಾರುಕಟ್ಟೆ ಎಲ್ಲವೂ ಇವೆ. ಚಿತ್ರ ತೋರಿಸಿದರೆ ಸಾಕು, "ಹೋ ಜಾಯೇಗಾ ಸೇಠ್" ಎಂಬ ಉತ್ತರ ಸಿದ್ಧ. ಆಗಿಯೂ ಆಗುತ್ತದೆ. ಆದರೆ ಆದದ್ದು ಖಂಬಾಟ್ಕಿ ಘಾಟಿಯ ತಿರುವಿನಲ್ಲಿ ನಿಲ್ಲುತ್ತದೆಯೇ, ಆರ್‌ಟಿಒ ಇನ್‌ಸ್ಪೆಕ್ಟರರ ಮುಂದೆ ನಿಲ್ಲುತ್ತದೆಯೇ ಎಂಬುದನ್ನು ಮಾಡಿಸುವವರೇ ಮುಂಚಿತವಾಗಿ ಯೋಚಿಸಬೇಕು.

ಭಾರದ ಲೆಕ್ಕಾಚಾರ

ಒಂದೂವರೆ ಟನ್ನಿನ ಆಸುಪಾಸು ಹೊರುವ ಪಿಕಪ್ ಇದೆ ಎಂದುಕೊಳ್ಳೋಣ. ಒಂದು ಪುಟ್ಟ ಕೋಣೆ ಎಷ್ಟು ಭಾರವಾದೀತು ಎಂದು ಅನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. 18 ಮಿ.ಮೀ. ದಪ್ಪದ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆಯೊಂದು 30 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಗೋಡೆ, ನೆಲ, ಮಂಚ, ಕಪಾಟು ಎಂದು 20 ಹಲಗೆ ಹೋದರೆ 600 ಕೆ.ಜಿ. ದಾಟಿತು. 40 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಕಬ್ಬಿಣದ ಪೈಪು ಮೀಟರಿಗೆ ಸುಮಾರು 3.4 ಕೆ.ಜಿ.; ಚೌಕಟ್ಟಿಗೆ 60 ಮೀಟರ್ ಬೇಕಾದರೆ 200 ಕೆ.ಜಿ. ಲಾರಿಯ ತಟ್ಟಿಗೆ 5 ಮಿ.ಮೀ. ಚೆಕರ್ಡ್ ಪ್ಲೇಟ್ ಹಾಕಿಸಿದರೆ ಚದರ ಮೀಟರಿಗೆ 40 ಕೆ.ಜಿ. ಮೇಲೆ, ಒಟ್ಟು ಇನ್ನೊಂದು 190. ನೀರು ಲೀಟರಿಗೆ ಒಂದು ಕೆ.ಜಿ., 200 ಲೀಟರಿನ ಟಾಂಕಿಗೆ 200. ಎರಡು ಇನ್ವರ್ಟರ್ ಬ್ಯಾಟರಿ 100ಕ್ಕೂ ಹೆಚ್ಚು, ತುಂಬಿದ ಮನೆ ಬಳಕೆಯ ಸಿಲಿಂಡರ್ ಸುಮಾರು 30. ಇಷ್ಟಕ್ಕೇ 1,300 ಕೆ.ಜಿ. ದಾಟಿತು. ಹಾಸಿಗೆ, ಫ್ರಿಜ್, ಪಾತ್ರೆ, ಕಿಟಕಿ, ಶೌಚಾಲಯ, ಊರಿನಿಂದ ಬರುವಾಗ ಅಮ್ಮ ಕಟ್ಟಿಕೊಡುವ ಕುಚಲಕ್ಕಿ-ತೆಂಗಿನಕಾಯಿ ಯಾವುದೂ ಇದರಲ್ಲಿ ಬಂದಿಲ್ಲ.

ಹಾಗಾಗಿ ಇಲ್ಲಿ ಸೊಗಸಿಗಿಂತ ಹಗುರತನ ಮುಖ್ಯ. ಅಲ್ಯೂಮಿನಿಯಮ್ಮಿನ ತೂಕ ಅದೇ ಗಾತ್ರದ ಉಕ್ಕಿನ ಮೂರನೇ ಒಂದು ಪಾಲಿನಷ್ಟು. ಶೀತಲ ಗೋದಾಮುಗಳಿಗೆ ಬಳಸುವ, ಮಧ್ಯೆ ಫೋಮ್ ತುಂಬಿದ ಪ್ಯಾನೆಲುಗಳು ಗೋಡೆಗೆ ಸಾಕು, ಬಿಸಿಲನ್ನೂ ತಡೆಯುತ್ತವೆ. ತಟ್ಟಿಗೆ ದಪ್ಪ ಪ್ಲೇಟು ಬೇಡ, ಅಡ್ಡಪಟ್ಟಿಗಳು ಸರಿಯಾಗಿದ್ದರೆ 3 ಮಿ.ಮೀ. ಧಾರಾಳ. ಬಾಡಿಯನ್ನು ಹಗುರ ಮಾಡಿ ಹೊರುವ ಶಕ್ತಿಯನ್ನು ಉಳಿಸಿಕೊಳ್ಳುವ ಈ ವಿದ್ಯೆಯಲ್ಲಿ ಕನ್ನಡಿಗರಿಗೆ ಅಭಿಮಾನ ಪಡುವ ಉದಾಹರಣೆಯೂ ಇದೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಡಾ. ವಿಜಯ ಸಂಕೇಶ್ವರ ಅವರ ವಿಆರ್‌ಎಲ್ ಸಂಸ್ಥೆಯು ಹುಬ್ಬಳ್ಳಿ ಬಳಿಯ ವರೂರಿನಲ್ಲಿ ತನ್ನ ಲಾರಿಗಳ ಬಾಡಿಯನ್ನು ತಾನೇ ವಿನ್ಯಾಸಗೊಳಿಸಿ ಕಟ್ಟುವ ವ್ಯವಸ್ಥೆ ಮಾಡಿಕೊಂಡದ್ದು ಇದೇ ಕಾರಣಕ್ಕೆ. ಬಾಡಿಯಲ್ಲಿ ಉಳಿಸಿದ ಪ್ರತಿ ಕಿಲೋ, ಹೊರಬಹುದಾದ ಸಾಮಾನಿನ ಕಿಲೋ.

ಭಾರ ಎಷ್ಟು ಎಂಬುದರಂತೆ ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ನೀರಿನ ಟಾಂಕಿ, ಬ್ಯಾಟರಿಯಂಥ ಭಾರದ ವಸ್ತುಗಳು ನೆಲಮಟ್ಟದಲ್ಲಿ, ಹಿಂದಿನ ಆಕ್ಸಲಿಗಿಂತ ಮುಂದಕ್ಕೆ ಇರಬೇಕು. ಶೌಚಾಲಯ ಹಿಂದೆ, ನೀರು ಹಿಂದೆ, ಅಡುಗೆ ಹಿಂದೆ ಎಂದು ಬಾಲದ ಕಡೆ ತುಂಬಿಸಿದರೆ ಮುಂದಿನ ಗಾಲಿಗಳು ಹಗುರವಾಗಿ ಸ್ಟೇರಿಂಗಿನ ಹಿಡಿತ ತಪ್ಪುತ್ತದೆ. ಆಕ್ಸಲಿನಿಂದ ಹಿಂದಕ್ಕೆ ಚಾಚಿದ ಭಾಗವು ಗಾಲಿಯಂತರದ ಶೇ. 60 ಮೀರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ. ಧರ್ಮಕಾಂಟಾಕ್ಕೆ ಹೋಗಿ ಮೂರು ಸಲ ತೂಗಿಸಿ: ಬರೀ ಚಾಸಿಯನ್ನೊಮ್ಮೆ, ತಟ್ಟು ಕಟ್ಟಿದ ಮೇಲೊಮ್ಮೆ, ನೀರು-ಸಾಮಾನು ತುಂಬಿದ ಮನೆ ಏರಿಸಿ ಮತ್ತೊಮ್ಮೆ. ಕೊನೆಯ ಸಲ ಮುಂದಿನ ಗಾಲಿಗಳನ್ನಷ್ಟೇ ಕಾಂಟಾದ ಮೇಲೆ ನಿಲ್ಲಿಸಿ ಬೇರೆಯಾಗಿ ತೂಗಿಸಿದರೆ ಎಲ್ಲ ಗುಟ್ಟು ಬಯಲಾಗುತ್ತದೆ. ತಗಲುವ ಖರ್ಚು ಅಲ್ಪ.

ಚಾಸಿ ತಿರುಚುತ್ತದೆ, ಮನೆ ತಿರುಚದು

ಲಾರಿಯ ಚಾಸಿ ಏಣಿಯಂತಿರುತ್ತದೆ. ಒಂದು ಗಾಲಿ ಹೊಂಡಕ್ಕೆ ಇಳಿದಾಗ ಅದು ತುಸು ತಿರುಚಬೇಕು; ಹಾಗೆಂದೇ ಅದನ್ನು ಮಾಡಿರುತ್ತಾರೆ. ಕೋಣೆಯಂಥ ಪೆಟ್ಟಿಗೆಗೆ ಮಾತ್ರ ತಿರುಚಲು ಬಾರದು. ಎರಡನ್ನೂ ಎಲ್ಲ ಕಡೆ ಬಿಗಿಯಾಗಿ ವೆಲ್ಡ್ ಮಾಡಿದರೆ ಮೊದಲು ಬಾಗಿಲು ಮುಚ್ಚದಾಗುತ್ತದೆ, ಮತ್ತೆ ಗೋಡೆಯ ಬೆಸುಗೆ ಬಿಡುತ್ತದೆ, ಕೊನೆಗೆ ಚಾಸಿಯಲ್ಲೇ ಬಿರುಕು ಕಾಣುತ್ತದೆ. ಹಾಗಾಗಿ ಚಾಸಿಯ ಮೇಲೆ ಬೇರೆಯೇ ಒಂದು ಉಪಚೌಕಟ್ಟು ಇರಬೇಕು. ಅದನ್ನು ಒಂದು ತುದಿಯಲ್ಲಿ ಬಿಗಿಯಾಗಿ, ಇನ್ನೊಂದು ತುದಿಯಲ್ಲಿ ಸ್ಪ್ರಿಂಗ್ ಇಟ್ಟ ಬೋಲ್ಟುಗಳಿಂದ ಹಿಡಿಸಬೇಕು. ಮೂರು ಕಡೆಗಳಲ್ಲಿ ಮಾತ್ರ ಕೂರಿಸಿ ಒಂದನ್ನು ತಿರುಗಣೆಯಾಗಿ ಬಿಡುವ ಕ್ರಮವೂ ಇದೆ. ನಮ್ಮ ಹಳೆಯ ಬಾಡಿ ಮಿಸ್ತ್ರಿಗಳು ಚಾಸಿ ಮತ್ತು ಬಾಡಿಯ ನಡುವೆ ಉದ್ದಕ್ಕೆ ಮರದ ಪಟ್ಟಿ ಇಟ್ಟು ಯು-ಬೋಲ್ಟ್ ಹಾಕುವುದರ ಹಿಂದೆಯೂ ಇದೇ ಅನುಭವ ಇದೆ. ಚಾಸಿಯ ಮೇಲಿನ-ಕೆಳಗಿನ ಅಂಚಿನಲ್ಲಿ ತೂತು ಕೊರೆಯುವುದಾಗಲಿ ವೆಲ್ಡ್ ಮಾಡುವುದಾಗಲಿ ಕೂಡದು. ಯಾರಾದರೂ ಅದಕ್ಕೆ ಕೈ ಹಾಕಿದರೆ ಅಲ್ಲಿಂದ ಗಾಡಿ ತೆಗೆಯುವುದು ಲೇಸು.

ತಟ್ಟಿನ ಮೇಲೆ ಮನೆ ಜಾರದಂತೆ ಸುತ್ತ ತಡೆಪಟ್ಟಿ, ನಾಲ್ಕು ಮೂಲೆಗೆ ಕಂಟೇನರಿನ ಮಾದರಿಯ ಬೀಗ ಅಥವಾ ಬಿಗಿಯುವ ತಿರುಪು ಬೇಕು. ಹಗ್ಗ-ತಾಡಪತ್ರಿಯ ಮೇಲೆ ನಂಬಿಕೆ ಇಡುವ ಕೆಲಸ ಇದಲ್ಲ.

ಆರ್‌ಟಿಒ ಮುಂದೆ

ಮುಂಬ್ರಾದವರಿಗೆ ಥಾಣೆಯ ಎಂಎಚ್-04, ಡೊಂಬಿವಲಿ-ಕಲ್ಯಾಣಿನವರಿಗೆ ಎಂಎಚ್-05, ನವಿಮುಂಬಯಿಯವರಿಗೆ ವಾಶಿಯ ಎಂಎಚ್-43. ಯಾವ ಕಚೇರಿಯಾದರೂ ಕಾಯ್ದೆ ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲಕರಿಗೆ ಪ್ರತಿಯೊಂದು ಮಾರ್ಪಾಡಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು. ಹೆಚ್ಚು ಭಾರ ಹೊತ್ತರೆ 20,000 ರೂ., ಮೇಲಿನ ಪ್ರತಿ ಟನ್ನಿಗೆ 2,000 ರೂ. ಬೇರೆ.

ಹಾಗಾದರೆ ದಾರಿ ಇಲ್ಲವೇ? ಇದೆ. ನೋಂದಣಿಯಾದ ಹಳೆಯ ಗಾಡಿಯ ಡಾಲಾ ಕತ್ತರಿಸಿ ಮನೆ ಬೆಸೆಯುವ ಬದಲು, ಬಾಡಿಯಿಲ್ಲದ ಹೊಸ ಚಾಸಿಯನ್ನೇ ಕೊಂಡು, ಲಾರಿ ಬಾಡಿಗೆಂದು ಇರುವ ಎಐಎಸ್-093 ಮಾನದಂಡದಂತೆ ತಟ್ಟು ಕಟ್ಟಿಸಿ, ಬಾಡಿ ಕಟ್ಟಿದವರ ಪ್ರಮಾಣಪತ್ರದೊಂದಿಗೆ ಸಪಾಟು ಬಾಡಿಯ ಸಾಗಾಟದ ವಾಹನವೆಂದೇ ನೋಂದಾಯಿಸಬೇಕು. ಆಗ ಮನೆ ವಾಹನದ ಭಾಗವಲ್ಲ, ಅದು ಹೊತ್ತ ಸಾಮಾನು. ಕೆಲಸ ಆರಂಭಿಸುವ ಮೊದಲೇ ನಕ್ಷೆಯನ್ನು ಆರ್‌ಟಿಒಗೆ ತೋರಿಸಿ ಅಭಿಪ್ರಾಯವನ್ನು ಬರಹದಲ್ಲಿ ಪಡೆದುಕೊಳ್ಳುವುದು ಉತ್ತಮ. ಲಘು ವಾಹನದ ಲೈಸನ್ಸ್ ಇದ್ದವರು ಒಟ್ಟು ಭಾರ 7,500 ಕೆ.ಜಿ.ವರೆಗಿನ ಸಾಗಾಟದ ವಾಹನವನ್ನೂ ಚಲಾಯಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಇದರಿಂದ ಅನುಕೂಲವೇ ಆಯಿತು.

ಇನ್ನು ಎಲ್ಲಕ್ಕಿಂತ ಗಂಭೀರವಾದ ಮಾತು. ಗಾಡಿ ಓಡುತ್ತಿರುವಾಗ ಆ ಮನೆಯೊಳಗೆ ಯಾರೂ ಇರುವಂತಿಲ್ಲ. ಸಾಮಾನಿನ ಗಾಡಿಯ ಹಿಂಬದಿಯಲ್ಲಿ ಹಾಗೆಯೇ ಕುಳಿತು ಹೋಗುವವರಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಯದಲ್ಲ ಎಂದು 2002ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅಜ್ಜಿ ಮಲಗಿಕೊಂಡೇ ಮಂಗಳೂರಿಗೆ ಹೋಗಬೇಕೆಂದಿದ್ದರೆ ಈ ಏರ್ಪಾಡು ನಿಮಗಲ್ಲ. ಎಐಎಸ್-124ರಂತೆ ಮಾನ್ಯತೆ ಪಡೆದ ಕಾರವಾನನ್ನೇ ಬಾಡಿಗೆಗೆ ಪಡೆಯಿರಿ, ಅದರ ಸೀಟು-ಬೆಲ್ಟುಗಳು ಪರೀಕ್ಷೆಗೆ ಒಳಪಟ್ಟಿರುತ್ತವೆ. ಎರಡು ಸಾಲು ಸೀಟಿನ ಕ್ಯಾಬಿನ್ ಇರುವ ಪಿಕಪ್ ಆರಿಸಿದರೆ ಮನೆಮಂದಿ ಮುಂದೆ ಕುಳಿತು, ಎರಡು ಗಂಟೆಗೊಮ್ಮೆ ನಿಲ್ಲಿಸಿ ಹಿಂದಿನ ಮನೆಯ ಶೌಚಾಲಯ, ಚಹಾ, ಕೊಲ್ಹಾಪುರದಲ್ಲೋ ಬೆಳಗಾವಿಯಲ್ಲೋ ರಾತ್ರಿಯ ನಿದ್ದೆ ಮುಗಿಸಬಹುದು. ಅಜ್ಜಿ ನಿಶ್ಚಿಂತೆಯಿಂದ ನೀರು ಕುಡಿಯಬಹುದು, ಅಷ್ಟಾದರೂ ಆಯಿತಲ್ಲ. ಆದರೆ ಎರಡು ಸಾಲಿನ ಕ್ಯಾಬಿನ್ ಇದ್ದಷ್ಟು ತಟ್ಟು ಗಿಡ್ಡವಾಗುತ್ತದೆ, ಹೊರುವ ಭಾರವೂ ಕಡಿಮೆಯಾಗುತ್ತದೆ. ಮನೆ ಇನ್ನಷ್ಟು ಹಗುರವಾಗಲೇಬೇಕು.

ಗ್ಯಾಸ್ ಸಿಲಿಂಡರಿಗೆ ಹೊರಗಿನಿಂದ ಮಾತ್ರ ತೆರೆಯುವ ಪ್ರತ್ಯೇಕ ಗೂಡು ಇರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಆ ಗೂಡಿನ ತಳದಲ್ಲಿ ತೂತು ಬೇಕು. ಓಡುವಾಗ ರೆಗ್ಯುಲೇಟರ್ ಬಂದ್.

ಮನೆಯನ್ನು ಇಳಿಸಿ ಇಡುವುದೆಲ್ಲಿ ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೊನೆಗೆ ಕೇಳುತ್ತಾರೆ, ಮುಂಬ್ರಾ-ಡೊಂಬಿವಲಿಯಲ್ಲಿ ಇದನ್ನು ಮೊದಲೇ ಕೇಳಬೇಕು. ಸ್ಕೂಟರ್ ನಿಲ್ಲಿಸಲು ಜಗಳವಾಡುವ ಸೊಸೈಟಿಯ ಕಂಪೌಂಡಿನಲ್ಲಿ ಹತ್ತು ಅಡಿಯ ಕೋಣೆಗೆ ಕಮಿಟಿ ಒಪ್ಪುವುದು ಕಷ್ಟ. ನಾಲ್ಕೈದು ಕುಟುಂಬಗಳು ಅಥವಾ ಒಂದು ಭಜನಾ ಮಂಡಳಿ ಸೇರಿ ಒಂದೇ ಮನೆ ಮಾಡಿಸಿ, ಹೋಟೆಲಿನ ಗೋದಾಮಿನ ಮಗ್ಗುಲಲ್ಲಿ ಜಾಗ ಹುಡುಕುವುದು ಹೆಚ್ಚು ಕೈಗೂಡುವ ಮಾತು. ಮಳೆಗಾಲಕ್ಕೆ ಮೊದಲು ಮೇಲೊಂದು ತಗಡಿನ ಮಾಡು ಹಾಕಿಸಿ. ಜ್ಯಾಕಿನ ನಾಲ್ಕು ಕಾಲುಗಳ ಅಡಿಗೂ ಅಗಲವಾದ ಹಲಗೆ ಇಡಿ. ಇಲ್ಲದಿದ್ದರೆ ಜುಲೈಯ ಮಣ್ಣಿನಲ್ಲಿ ಒಂದು ಕಾಲು ಇಳಿದು, ಮರುವರ್ಷ ಲಾರಿ ಅಡಿಗೆ ಹೋಗದು.