ಹಾಲುತೊಂಡೆಯ ಹರಳು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳಲ್ಲಿ ರೇಷ್ಮೆಹುಳುವನ್ನು ಸಾಕುವ ಗೃಹಸ್ಥರಿಗೆ ಹಾಲುತೊಂಡೆ ರೋಗದ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ನಾಲ್ಕು ಜ್ವರಗಳನ್ನು ದಾಟಿ, ಇನ್ನೇನು ಗೂಡು ಕಟ್ಟಬೇಕೆನ್ನುವ ಹುಳುವು ಊದಿಕೊಂಡು, ಚರ್ಮವೊಡೆದು, ಹಾಲಿನಂಥ ದ್ರವವನ್ನು ಸುರಿಸಿ ಸಾಯುವುದು. ಮನೆಮಂದಿಯ ದುಡಿಮೆಯೆಲ್ಲವೂ ಮಣ್ಣುಪಾಲಾಗುವುದು.

ಆ ಹಾಲಿನಲ್ಲಿ ಬರಿಗಣ್ಣಿಗೆ ಕಾಣದ ಹರಳುಗಳಿರುವುವು. ರೋಗಕಾರಕವಾದ ವೈರಸ್ಸು ಅವುಗಳೊಳಗೆ, ಕೋಟೆಯಲ್ಲಿ ಅಡಗಿದ ಶತ್ರುವಿನಂತೆ, ಬಹುಕಾಲ ಕೆಡದೆ ಉಳಿಯುವುದು. ಕೋಟೆಯ ಗೋಡೆಯಾದರೋ ಪಾಲಿಹೆಡ್ರಿನ್ ಎಂಬ ಪ್ರೋಟೀನು.

ಪ್ರೋಟೀನುಗಳ ಅಣುರೂಪಗಳನ್ನು ಕೂಡಿಟ್ಟಿರುವ ಭಂಡಾರವೊಂದುಂಟು. ಪ್ರೋಟೀನ್ ಡೇಟಾ ಬ್ಯಾಂಕ್ ಎಂದು ಅದರ ಹೆಸರು. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಏಳು ರಚನೆಗಳೊಡನೆ ಮೊದಲಾದ ಈ ಭಂಡಾರದಲ್ಲಿ ಇಂದು ಎರಡು ಲಕ್ಷಕ್ಕೂ ಮಿಕ್ಕಿ ರಚನೆಗಳಿವೆ. ಯಾರು ಬೇಕಾದರೂ ಗಣಕಯಂತ್ರದ ಮೂಲಕ ಹಣ ತೆರದೆ ನೋಡಬಹುದು.

ಹುಡುಕುವ ದಾರಿಗಳು ಮುಖ್ಯವಾಗಿ ಎರಡು. ಪ್ರೋಟೀನೆಂಬುದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಆ ಸರದ ಕ್ರಮವನ್ನು ಕೊಟ್ಟು ಹುಡುಕುವುದು ಅಕಾರಾದಿ ನಿಘಂಟಿನಲ್ಲಿ ಪದವನ್ನು ಅರಸಿದಂತೆ. ಮಡಿಚಿದ ಆಕಾರವನ್ನು ಕೊಟ್ಟು ಹುಡುಕುವುದು ಅಮರಕೋಶದಲ್ಲಿ ಅರ್ಥವನ್ನು ಹಿಡಿದು ಹೊರಟಂತೆ. ಕ್ರಮದಲ್ಲಿ ಕಾಣದ ಹೋಲಿಕೆಯು ಎಷ್ಟೋ ವೇಳೆ ಆಕಾರದಲ್ಲಿ ಕಾಣುವುದು.

2007ರಲ್ಲಿ ರೇಷ್ಮೆಹುಳುವಿನ ಕರುಳಿಗೆ ತಗಲುವ ಮತ್ತೊಂದು ವೈರಸ್ಸಿನ ಹರಳಿನ ರೂಪವು ಪ್ರಕಟವಾಯಿತು. 2009ರಲ್ಲಿ ಹಾಲುತೊಂಡೆಯ ವೈರಸ್ಸಿನ ಕುಲಕ್ಕೇ ಸೇರಿದ, ಬೇರೊಂದು ಪತಂಗದ ಮರಿಹುಳುವನ್ನು ಕಾಡುವ ವೈರಸ್ಸಿನದು. ಎರಡನ್ನೂ ಹೋಲಿಸಿದ ವಿದ್ವಾಂಸರು, ಈ ಎರಡು ಕುಲಗಳೂ ಒಂದನ್ನೊಂದು ಅನುಸರಿಸದೆ, ತಮ್ಮತಮ್ಮ ದಾರಿಯಲ್ಲೇ ಕೋಟೆ ಕಟ್ಟುವುದನ್ನು ಕಲಿತುವೆಂದು ನಿರ್ಣಯಿಸಿದರು.

ಇಲ್ಲೊಂದು ಎಚ್ಚರಿಕೆ. ಆ ಭಂಡಾರದ ರಚನೆಗಳು ಪ್ರಯೋಗದಿಂದ ಕಂಡುಕೊಂಡವು. 2021ರಿಂದೀಚೆಗೆ ಆಲ್ಫಾಫೋಲ್ಡ್ ಎಂಬ ಬೇರೆ ಭಂಡಾರದಲ್ಲಿ ಯಂತ್ರವು ಊಹಿಸಿದ ರೂಪಗಳೂ ಸಿಕ್ಕುವುವು. ಅವುಗಳ ಸಂಖ್ಯೆ 20 ಕೋಟಿಯನ್ನು ಮೀರಿದೆ. ಪ್ರಯೋಗವು ಪ್ರತ್ಯಕ್ಷ, ಊಹೆಯು ಅನುಮಾನ. ನಮ್ಮ ತರ್ಕಶಾಸ್ತ್ರವು ಎರಡನ್ನೂ ಪ್ರಮಾಣವೆಂದು ಒಪ್ಪುವುದಾದರೂ ಒಂದನ್ನೇ ಇನ್ನೊಂದೆಂದು ಭ್ರಮಿಸಲಾಗದು. ರಚನೆಯನ್ನು ಒರೆಗೆ ಹಚ್ಚಲು ಜಗತ್ತೆಲ್ಲವೂ ಬಳಸುವ ನಕ್ಷೆಯನ್ನು 1963ರಲ್ಲಿ ಮದರಾಸಿನಿಂದ ಕೊಟ್ಟವರು ಜಿ. ಎನ್. ರಾಮಚಂದ್ರನ್ನರು; ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದರು.

ಇದರಿಂದ ಹುಳು ಸಾಕುವವರಿಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಆ ಗಟ್ಟಿ ಹರಳು ಕ್ಷಾರದಲ್ಲಿ ಕರಗುವುದು. ಹುಳುವಿನ ಕರುಳು ಕ್ಷಾರಮಯವಾದುದರಿಂದಲೇ ಕೋಟೆಯ ಬಾಗಿಲು ಅಲ್ಲಿ ತೆರೆದು ರೋಗವು ಹೊರಬೀಳುವುದು. ಹುಳುಮನೆಯನ್ನು ತೊಳೆಯುವ ಬ್ಲೀಚಿಂಗ್ ಪುಡಿಗೆ ಸುಣ್ಣವನ್ನು ಬೆರೆಸುವುದೂ ಇದರಿಂದಲೇ: ಸುಣ್ಣವು ಗೋಡೆಯನ್ನು ಕರಗಿಸಿದರೆ ಪುಡಿಯು ಒಳಗಿನ ಶತ್ರುವನ್ನು ಕೊಲ್ಲುವುದು. ಕಾರಣವನ್ನರಿತವನು ಸುಣ್ಣವನ್ನು ಮರೆಯಲಾರನು.